ಸೋಮವಾರದ ಈರುಳ್ಳಿ

ಗಂಗಾಧರಯ್ಯ ಮೇಷ್ಟ್ರು ಹೊಡೆಯದೆ ಏನನ್ನೂ ಕಲಿಸಿದವರಲ್ಲ. ಡಿಗ್ರಿ ಕಾಲೇಜಿನಲ್ಲಿ, ಮೀಸೆ ಬಂದ ಹುಡುಗರ ಮೇಲೆ ಕೈ ಎತ್ತುವ ಲೆಕ್ಚರರ್ ಎಲ್ಲಾದರೂ ಉಂಟೇ ಎಂದು ಕೇಳಬೇಡಿ. ಕಡೂರಿನಲ್ಲಿ ಇದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಬಿ.ಕಾಂ. ಓದುವಾಗ ನಮಗೆ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಹೇಳುತ್ತಿದ್ದವರು ಅವರೇ. ಹುಡುಗರಿಗೆ ಅಂಗೈ, ಡಸ್ಟರು, ಸಿಟ್ಟು ಹೆಚ್ಚಿದ ದಿನ ಮೊಣಕೈ. ಹುಡುಗಿಯರಿಗೆ ಸೀಮೆಸುಣ್ಣದ ಏಟು. ಗುರಿ ತಪ್ಪುತ್ತಿರಲಿಲ್ಲ. ನನ್ನ ಎಡ ಹುಬ್ಬಿನ ಮೇಲೆ ಇವತ್ತಿಗೂ ಒಂದು ಗುರುತಿದೆ.

ಅವರದು ಹಿರೇನಲ್ಲೂರಿನ ಬೇಸಾಯದ ಮನೆ. ಅವರ ಅಪ್ಪ ಎತ್ತಿಗೆ ಒಂದು ದಿನವೂ ಹೊಡೆದವನಲ್ಲವಂತೆ, ಮಗನಿಗೆ ಹೊಡೆಯದ ದಿನ ಇರಲಿಲ್ಲವಂತೆ. ಮೇಷ್ಟ್ರ ಬೆನ್ನಿನಲ್ಲಿ ಬಾರುಕೋಲಿನ ಒಂದು ಉದ್ದನೆಯ ಬರೆ ಇತ್ತು. ಬೇಸಿಗೆಯಲ್ಲಿ ಬೆವರಿಗೆ ಷರ್ಟು ಅಂಟಿಕೊಂಡು, ಬೋರ್ಡಿನ ಕಡೆ ತಿರುಗಿ ಬರೆಯುವಾಗ ಅದು ನಮಗೆಲ್ಲ ಕಾಣುತ್ತಿತ್ತು. ಯಾವ ತಪ್ಪಿಗೆ ಬಿದ್ದ ಏಟೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಲ್ಟಿಪಲ್ ರಿಗ್ರೆಶನ್ ಪಾಠ ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಮಾರಾಟ ಏರಿಳಿಯುವುದಕ್ಕೆ ಬೆಲೆ ಒಂದು ಕಾರಣ, ಜಾಹೀರಾತು ಒಂದು ಕಾರಣ, ಮಳೆ ಇನ್ನೊಂದು. ಎಲ್ಲವೂ ಒಟ್ಟಿಗೆ ಬದಲಾಗುತ್ತಿದ್ದರೆ ಯಾವುದರ ಪಾಲು ಎಷ್ಟು ಎಂದು ತಿಳಿಯುವುದು ಹೇಗೆ? ಇಷ್ಟು ಕೇಳಿ ಮೇಷ್ಟ್ರು ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಗೋಡೆಗೆ ನಿಲ್ಲಿಸಿದರು. ಇಬ್ಬರು ಅವನ ಕೈ ಹಿಡಿದುಕೊಂಡರು, ಇನ್ನಿಬ್ಬರು ಕಾಲು ಹಿಡಿದರು. ಆಮೇಲೆ ಮೇಷ್ಟ್ರು ಅವನ ಬಲಗಿವಿ ಹಿಡಿದು ತಿರುವಿದರು. ಹುಡುಗ ಕಿರುಚಿಕೊಂಡ.

"ಯಾವ್ದು ನೋಯ್ತಿದೆ?"

"ಕಿವಿ, ಸಾ."

"ಕೈ ಕಾಲು?"

"ಇಲ್ಲ, ಸಾ."

"ಯಾಕಂದ್ರೆ ಅವು ಕದಲ್ಲಿಲ್ಲ. ಉಳಿದದ್ದೆಲ್ಲಾ ಕದಲದಂಗೆ ಹಿಡ್ಕಂಡು ಒಂದನ್ನೇ ತಿರುವಿದ್ರೆ ಎಷ್ಟು ನೋವು ಬತ್ತದೋ ಅದು ಆ ಒಂದರ ಗುಣಾಂಕ. ಬರ್ಕಳಿ."

ನಾವು ಬರೆದುಕೊಂಡೆವು. ಆ ವರ್ಷ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ತಪ್ಪು ಉತ್ತರ ಬರೆದವರು ಒಬ್ಬರೂ ಇರಲಿಲ್ಲ.

ನಮ್ಮಪ್ಪ ಬಸವರಾಜಪ್ಪ ಶಿವನಿಯ ಈರುಳ್ಳಿ ವ್ಯಾಪಾರಿ. ಸ್ಟೇಷನ್ನಿನಿಂದ ಒಂದು ಮೈಲಿ ದೂರದಲ್ಲಿ ನಮ್ಮ ದೊಡ್ಡ ಶೆಡ್ಡು ಇತ್ತು. ಸುತ್ತಲ ಹಳ್ಳಿಗಳ ಈರುಳ್ಳಿ ಅಲ್ಲಿಗೆ ಬರುತ್ತಿತ್ತು, ಅಲ್ಲಿಂದ ಗಾಡಿಯಲ್ಲಿ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ವ್ಯಾಗನ್ನಿನಲ್ಲಿ ಮದರಾಸಿಗೆ. ಚೀಲಗಳನ್ನು ಸ್ಟೇಷನ್ನಿಗೆ ಸಾಗಿಸಿ ವ್ಯಾಗನ್ನಿಗೆ ತುಂಬಲು ಎರಡು ಗುಂಪಿನ ಹಮಾಲರಿದ್ದರು, ಅವರವರದೇ ಗಾಡಿ, ಅವರವರದೇ ಎತ್ತು. ಒಂದು ನಮ್ಮವರೇ ಆದ ಬೆನಕಪ್ಪನ ಗುಂಪು. ಇನ್ನೊಂದು ಅಬ್ದುಲ್ ವಹಾಬನ ಗುಂಪು. ವಹಾಬ್ ನಾಲ್ಕು ಜನರ ಬಲದವನು, ಮಾತು ಕಡಿಮೆ. ಅವನ ತಮ್ಮ ಮುಕ್ತಿಯಾರ್ ತೆಳ್ಳಗೆ, ಚುರುಕಾಗಿದ್ದ. ಕೈಗೊಕ್ಕೆಯನ್ನು ಚೀಲದ ಮೂಲೆಗೆ ಸಿಕ್ಕಿಸಿ ಅವನು ಎತ್ತುತ್ತಿದ್ದ ಚಂದ ನೋಡಲು ನಾನು ಚಿಕ್ಕವಳಿದ್ದಾಗ ಶೆಡ್ಡಿನ ಬಾಗಿಲಲ್ಲಿ ಕೂರುತ್ತಿದ್ದೆ.

ಎರಡು ಸುಗ್ಗಿಯಿಂದ ಮದರಾಸಿನಿಂದ ಒಂದೇ ದೂರು. ಕೆಲವು ವ್ಯಾಗನ್ನಿನ ಈರುಳ್ಳಿ ಕೊಳೆತು ನಾರುತ್ತಾ ಇಳಿಯುತ್ತಿತ್ತು. ನಮ್ಮಪ್ಪನಿಗೂ ಕೈ ಮುಂದು. ದೂರು ತಂದ ಏಜೆಂಟನ ಕೊರಳಪಟ್ಟಿ ಹಿಡಿದು ಅಂಗಳದ ಕಲ್ಲಿಗೆ ಅವನ ಮುಖ ಉಜ್ಜಿದ್ದನ್ನು ನಾನು ಕಂಡಿದ್ದೇನೆ. ಆ ಮನುಷ್ಯ ಹೋದ ಮೇಲೆ ಕಲ್ಲಿನ ಮೇಲಿನ ರಕ್ತವನ್ನು ಅಮ್ಮ ತೊಳೆದಳು. ಊರಲ್ಲಿ ತರಾವರಿ ಮಾತು ಹುಟ್ಟಿತು. ವಹಾಬನ ಕಡೆಯವರು ಕೊಕ್ಕೆಯನ್ನು ಬೇಕೆಂದೇ ಆಳಕ್ಕೆ ಹಾಕಿ ಈರುಳ್ಳಿ ಚುಚ್ಚುತ್ತಾರೆ, ಚೀಲಕ್ಕೆ ನೀರು ಚಿಮುಕಿಸುತ್ತಾರೆ ಎಂದು ಬೆನಕಪ್ಪ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ. ಕಡೆಗೆ ಅಪ್ಪ ನನ್ನನ್ನೇ ಕೇಳಿದ.

"ಮಲ್ಲೀ, ನಿಮ್ ಮೇಷ್ಟ್ರು ಲೆಕ್ಕ ಹಾಕಿ ಹೇಳ್ತಾರೇನೇ, ಯಾರ್ ಕೈವಾಡ ಅಂತ?"

ಮೇಷ್ಟ್ರಿಗೆ ಹೇಳಿದೆ. ಪುಸ್ತಕದ ಲೆಕ್ಕ ಮಾಡಿ ಮಾಡಿ ಬೇಸತ್ತಿದ್ದ ಮನುಷ್ಯ, ಕಣ್ಣರಳಿಸಿದರು. ಎರಡು ಸುಗ್ಗಿಯ ವ್ಯಾಗನ್ನುಗಳ ವಿವರ ತರಿಸಿದರು. ಒಂದೊಂದು ವ್ಯಾಗನ್ನಿನಲ್ಲಿ ಕೊಳೆತ ಪಾಲು ಎಷ್ಟು, ತುಂಬಿದ ದಿನ ಮಳೆ ಇತ್ತೇ, ರೈಲಿನಲ್ಲಿ ಎಷ್ಟು ದಿನ ಹಿಡಿಯಿತು, ಗಡ್ಡೆ ದಪ್ಪವೋ ಸಣ್ಣದೋ, ತುಂಬಿದವರು ಯಾವ ಗುಂಪು. ಕೈಯಿಂದ ತಿರುಗಿಸುವ ಕ್ಯಾಲ್ಕುಲೇಟರ್ ಯಂತ್ರವೊಂದನ್ನು ಎಲ್ಲಿಂದಲೋ ಎರವಲು ತಂದರು. ನಾವು ಹಿಡಿಕೆ ತಿರುಗಿಸಿದೆವು, ಅವರು ಬರೆದರು. ತಪ್ಪು ತಿರುಗಿಸಿದವರಿಗೆ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟು.

ಉತ್ತರ ಬಂದ ಮೇಲೆ ಒಂದು ಭಾನುವಾರ ಶಿವನಿಗೆ ಬಂದು, ಶೆಡ್ಡಿನಲ್ಲಿ ವ್ಯಾಪಾರಿಗಳ ಮುಂದೆ, ಬೆನಕಪ್ಪನ ಮುಂದೆ ಎದ್ದು ನಿಂತು ಓದಿದರು. ಮಳೆಗೆ ಇಷ್ಟು, ರೈಲಿನ ದಿನಕ್ಕೆ ಇಷ್ಟು, ಗಡ್ಡೆಯ ಗಾತ್ರದಿಂದ ಏನೂ ಇಲ್ಲ. ಕಡೆಯಲ್ಲಿ ಹೇಳಿದರು, "ಉಳಿದದ್ದೆಲ್ಲ ಒಂದೇ ಆಗಿದ್ರೆ, ವಹಾಬನ ಗುಂಪು ತುಂಬಿದ ಚೀಲದಲ್ಲಿ ನೂರಕ್ಕೆ ಏಳು ಗಡ್ಡೆ ಜಾಸ್ತಿ ಕೊಳೀತದೆ. ಇದು ಆಕಸ್ಮಿಕ ಅಲ್ಲ. ಪರೀಕ್ಷೆ ಮಾಡಿ ನೋಡಿದೀನಿ."

ಅವರ ದನಿಯಲ್ಲಿದ್ದ ಹೆಮ್ಮೆ ನನಗೂ ಹೆಮ್ಮೆ ತಂದಿತು ಎಂದೇ ಹೇಳಬೇಕು. ಆಗುವ ಏರಿಳಿತದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಈ ನಾಲ್ಕು ಕಾರಣಗಳು ವಿವರಿಸುತ್ತವೆ ಎಂದೂ ಅವರು ಓದಿದರು. ಮಿಕ್ಕದ್ದು ಎಲ್ಲಿ ಹೋಯಿತು ಎಂದು ಶೆಡ್ಡಿನಲ್ಲಿ ಯಾರೂ ಕೇಳಲಿಲ್ಲ. ಕೇಳಿಕೊಳ್ಳಬೇಕಾಗಿದ್ದವರು ಅವರೇ, ಅವರೂ ಕೇಳಿಕೊಳ್ಳಲಿಲ್ಲ. 'ಉಳಿದದ್ದೆಲ್ಲ ಒಂದೇ ಆಗಿದ್ರೆ' ಎಂಬ ಮಾತು ಕೇಳಿದವರ ಕಿವಿಯೊಳಗೆ ಇಳಿಯಲೇ ಇಲ್ಲ. ವಹಾಬ್, ಏಳು, ಇವೆರಡೇ ಇಳಿದದ್ದು.

ಮಾರನೆಯ ದಿನ ಸೋಮವಾರ. ಬೆನಕಪ್ಪನ ಗುಂಪಿಗೆ ಎಂದಿನಂತೆ ರಜ. ವಹಾಬನ ಗುಂಪು ಬೆಳಿಗ್ಗೆಯೇ ಬಂದು ಗಾಡಿಗೆ ಚೀಲ ಹೇರುತ್ತಿತ್ತು. ನಾನು ಅಟ್ಟದ ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ರಜದಲ್ಲಿದ್ದವರೆಲ್ಲ ಕೊಕ್ಕೆ ಹಿಡಿದು ಅಂಗಳಕ್ಕೆ ಬಂದದ್ದನ್ನು ಕಂಡು ನನ್ನ ಕೈ ನಿಂತಿತು. ಅಪ್ಪ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ. ಅವನು ಬೇಡ ಎನ್ನಲಿಲ್ಲ, ಹೊಡೀರಿ ಎಂದೂ ಅನ್ನಲಿಲ್ಲ.

"ಏಳು ಗಡ್ಡೆ ಎಲ್ಲಿಟ್ಟೆ, ಕೊಡು," ಎಂದ ಬೆನಕಪ್ಪ.

ವಹಾಬನಿಗೆ ಅರ್ಥವಾಗಲಿಲ್ಲ. "ಯಾವ ಏಳು ಗಡ್ಡೆ, ಬೆನಕಣ್ಣ?" ಎನ್ನುತ್ತಾ ಬಲಗೈಯನ್ನು ಪಕ್ಕದ ಚೀಲದ ಮೇಲೆ ಊರಿ ತಿರುಗಿದ. ಬೆನಕಪ್ಪ ಆ ಕೈಯ ಮೇಲೆಯೇ ಕೊಕ್ಕೆ ಇಳಿಸಿದ. ಅದು ಕೈ ದಾಟಿ ಗೋಣಿಯೊಳಗೆ ಹೋಯಿತು. ವಹಾಬ್ ಕೂಗಲಿಲ್ಲ. ಕೈಯನ್ನೇ ನೋಡುತ್ತಾ ನಿಂತ. ಆಮೇಲೆ ಎಲ್ಲ ಕಡೆಯೂ ಏಟು ಶುರುವಾಯಿತು. ಗಾಡಿಯ ಗೂಟಗಳು ಕಿತ್ತು ಬಂದವು. ಒಬ್ಬನ ದವಡೆ ಮುರಿದ ಸದ್ದು ಅಟ್ಟದವರೆಗೆ ಕೇಳಿಸಿತು. ಮುಕ್ತಿಯಾರ್ ತಲೆಯಿಂದ ರಕ್ತ ಸುರಿಯುತ್ತಿದ್ದರೂ ಅಣ್ಣನ ಹತ್ತಿರ ನುಗ್ಗಿ, ಒಂದು ಕೈಯಲ್ಲಿ ಮಣಿಕಟ್ಟು ಒತ್ತಿಹಿಡಿದು, ಇನ್ನೊಂದರಲ್ಲಿ ಕೊಕ್ಕೆಯನ್ನು ಎಳೆದು ತೆಗೆದ. ಅದೇ ಕೊಕ್ಕೆ ಬೀಸುತ್ತಾ ದಾರಿ ಮಾಡಿಕೊಂಡು ಅಣ್ಣನನ್ನು ಬೆನ್ನ ಮೇಲೆ ಹಾಕಿಕೊಂಡು ಓಡಿದ. ಬೆನಕಪ್ಪನ ಕಡೆಯವರು ಎತ್ತುಗಳ ಕಣ್ಣಿ ಕೊಯ್ದು ಓಡಿಸಿ, ಅವರ ಗಾಡಿಗಳನ್ನು ಒಂದರ ಮೇಲೊಂದು ಕೆಡವಿ ಬೆಂಕಿ ಇಟ್ಟರು. ಈರುಳ್ಳಿ ಸುಟ್ಟ ವಾಸನೆ ಊರ ತುಂಬ ತುಂಬಿತು. ಇವತ್ತಿಗೂ ಒಗ್ಗರಣೆ ಸೀದರೆ ನಾನು ಒಲೆ ಆರಿಸಿ ಹೊರಗೆ ಹೋಗುತ್ತೇನೆ.

ಪೊಲೀಸರು ಬಂದರು. ಊರಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ. ವಹಾಬನ ಕೈಗೆ ನಂಜೇರಿ ಮಣಿಕಟ್ಟಿನವರೆಗೆ ಕತ್ತರಿಸಿದರೆಂದು ಆಮೇಲೆ ಸುದ್ದಿ ಬಂತು. ಆ ಗುಂಪಿನ ಮನೆಗಳೆಲ್ಲ ಶಿವನಿ ಬಿಟ್ಟವು.

ನಾನು ಕಡೂರಿಗೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು "ನಾನು ಹೊಡೀರಿ ಅಂತ ಹೇಳಿದ್ನೇನಮ್ಮಾ? ಗುಣಾಂಕ ಹೇಳಿದೆ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ನೀವು ಕಿವಿ ತಿರುವಿ ಪಾಠ ಹೇಳಿದ್ರಿ ಸಾರ್. ಅವ್ರು ಕೈ ಚುಚ್ಚಿ ಒಪ್ಪಿಸಿದ್ರು," ಎಂದೆ. ಅವರ ಕೈಯಲ್ಲಿ ಸೀಮೆಸುಣ್ಣ ಇತ್ತು. ಹುಬ್ಬಿಗೆ ಬರುತ್ತದೆ ಎಂದು ಕಣ್ಣು ಮುಚ್ಚಿದೆ. ಬರಲಿಲ್ಲ.

ಮುಂದಿನ ತಿಂಗಳು ನಮ್ಮಪ್ಪ ಮೇಷ್ಟ್ರಿಗೆ ಶಾಲು ಹೊದಿಸಬೇಕೆಂದು ಹೇಳಿಕಳಿಸಿದ. ಇನ್ನೊಂದಿಷ್ಟು ಲೆಕ್ಕ ಮಾಡಿಸುವ ಯೋಚನೆಯೂ ಇತ್ತು, ಅದಕ್ಕೇ ಯಂತ್ರವನ್ನೂ ತರಲು ಹೇಳಿದ್ದ. ನನಗೆ ಕಾಲೇಜಿನ ರಜ. ಸ್ಟೇಷನ್ನಿಗೆ ಎದುರುಗೊಳ್ಳಲು ನಾನೇ ಹೋಗಿದ್ದೆ. ಕಬ್ಬಿಣದ ಆ ಯಂತ್ರದ ಪೆಟ್ಟಿಗೆಯನ್ನು ಪ್ಲಾಟ್‌ಫಾರಮ್ಮಿನಲ್ಲಿ ಇಳಿಸಿಕೊಂಡು ಮೇಷ್ಟ್ರು ಗಾಡಿಗಾಗಿ ನೋಡಿದರು. ಮರದ ಕೆಳಗೆ ಬೆನಕಪ್ಪ ಬೀಡಿ ಸೇದುತ್ತಾ ಕೂತಿದ್ದ. ಅವನ ಎತ್ತುಗಳು ಪಕ್ಕದಲ್ಲೇ ಮೇವು ತಿನ್ನುತ್ತಿದ್ದವು.

"ಗಾಡಿ ಕಟ್ಟಯ್ಯಾ. ಬಸವರಾಜಪ್ಪೋರ ಮನೆಗೆ."

"ಇವತ್ತಾಗಲ್ಲ ಸಾ."

"ಎತ್ತು ಕಣ್ಮುಂದೆ ಇಟ್ಕಂಡು ಆಗಲ್ಲ ಅಂತೀಯಾ?" ಮೇಷ್ಟ್ರ ಕೈ ಮಾತಿಗಿಂತ ಮುಂಚೆ ಬಿತ್ತು. ಬೀಡಿ ಹಾರಿ ಹೋಯಿತು.

ಬೆನಕಪ್ಪ ಕೆನ್ನೆ ಒರೆಸಿಕೊಂಡ. ವಹಾಬನ ಕೈಗೆ ಕೊಕ್ಕೆ ಇಟ್ಟವನು ಹೆದರಿದ್ದಲ್ಲ, ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಸೋಮವಾರ ಅಲ್ವಾ ಸಾ ಇವತ್ತು. ಎತ್ತಿನ ಹೆಗಲಿಗೆ ನೊಗ ಇಡಕ್ಕಾಯ್ತದಾ? ನಿಮ್ಮಪ್ಪ ಕಟ್ತಿದ್ರಾ?"

ಎರಡನೇ ಏಟಿಗೆ ಎತ್ತಿದ್ದ ಕೈ ಅಲ್ಲೇ ನಿಂತಿತು. ಅವರ ಬೆನ್ನಿನ ಬರೆ ಯಾವ ತಪ್ಪಿನದೆಂದು ನನಗೆ ತಿಳಿದದ್ದು ಅವತ್ತೇ, ಅವರ ಬಾಯಿಂದಲೇ. ಹತ್ತು ವರ್ಷದ ಹುಡುಗನಾಗಿದ್ದಾಗ ಆಟಕ್ಕೆಂದು ಸೋಮವಾರ ಗಾಡಿ ಕಟ್ಟಿದ್ದರಂತೆ. ಅಪ್ಪ ಬಾರುಕೋಲು ಮುರಿಯುವವರೆಗೆ ಹೊಡೆದಿದ್ದನಂತೆ. ಸೋಮವಾರ ಶಿವನ ವಾರ, ಅವತ್ತು ಎತ್ತು ದುಡಿಯಬಾರದು. ಇದು ನಮ್ಮ ಸೀಮೆಯ ಪ್ರತಿ ಮನೆಗೂ ಗೊತ್ತಿರುವ ವಿಷಯ. ಸೂರ್ಯ ಹುಟ್ಟಿದ್ದನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ? ಹಾಗೆ ಇದನ್ನೂ ಯಾರೂ ಬರೆದುಕೊಂಡಿರಲಿಲ್ಲ. ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದ ಮನುಷ್ಯನೂ ಬರೆದುಕೊಂಡಿರಲಿಲ್ಲ.

ಮೇಷ್ಟ್ರು ಪೆಟ್ಟಿಗೆಯ ಮೇಲೆ ಕುಸಿದು ಕೂತರು. "ಹಂಗಾದ್ರೆ ಸೋಮವಾರದ ವ್ಯಾಗನ್ ಯಾರು ತುಂಬ್ತಿದ್ರು?"

"ಸಾಬ್ರು. ಅವ್ರ ಎತ್ತಿಗೆ ಸೋಮವಾರ ಇಲ್ವಲ್ಲ. ಅದಕ್ಕೇ ಅವ್ರಿಗೆ ಆ ದಿನ ಬಿಟ್ಟಿದ್ವಿ. ಬ್ಯಾರೆ ದಿನ ನಮ್ದೇ."

"ಭಾನುವಾರ?"

"ಭಾನುವಾರ ಗೂಡ್ಸ್ ಬುಕಿಂಗ್ ಇಲ್ಲ."

"ಹಂಗಾದ್ರೆ ಸೋಮವಾರ ಹೋಗೋ ಈರುಳ್ಳಿ ಶೆಡ್ಡಿಗೆ ಬಂದಿರೋದು ಯಾವಾಗ?"

"ಶನಿವಾರ ಮಧ್ಯಾನದ ಮೇಲೆ ಬಂದಿದ್ದೆಲ್ಲ ರಾಶಿ ಬಿದ್ದಿರ್ತದೆ," ಎಂದ ಬೆನಕಪ್ಪ. ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯಲಿಲ್ಲ. ಇನ್ನೊಂದು ಬೀಡಿ ಹಚ್ಚಿದ.

ಹಸಿ ಈರುಳ್ಳಿ ರಾಶಿ ಬಿದ್ದರೆ ಒಳಗೊಳಗೇ ಬಿಸಿಯೇರುತ್ತದೆ. ಎರಡು ರಾತ್ರಿ ಬಿದ್ದರೆ ಕೈ ಹಾಕಿದಾಗ ಬೆಚ್ಚಗಿರುತ್ತದೆ. ಬೆನಕಪ್ಪನ ಗುಂಪು ತುಂಬುತ್ತಿದ್ದದ್ದು ಬೆಳಿಗ್ಗೆ ಬಂದ ಈರುಳ್ಳಿಯನ್ನು ಸಂಜೆಗೆ. ವಹಾಬನ ಗುಂಪಿಗೆ ಸಿಗುತ್ತಿದ್ದದ್ದು ಬೆಂದ ರಾಶಿ. ಶೆಡ್ಡಿನಲ್ಲಿ ಕಳೆದ ರಾತ್ರಿಗಳನ್ನು ಮೇಷ್ಟ್ರು ಲೆಕ್ಕಕ್ಕೆ ತಂದಿರಲೇ ಇಲ್ಲ. ಅವರ ಲೆಕ್ಕ ವ್ಯಾಗನ್ನಿನ ಬಾಗಿಲು ಮುಚ್ಚಿದ ಮೇಲೆ ಶುರುವಾಗಿತ್ತು. ಕೈಕಾಲೆಲ್ಲ ಹಿಡಿದು ಕಿವಿ ತಿರುವಿದೆ ಎಂದುಕೊಂಡಿದ್ದರು. ಯಾರೋ ಕುತ್ತಿಗೆ ಒತ್ತುತ್ತಿದ್ದದ್ದನ್ನು ನೋಡಿರಲಿಲ್ಲ.

ಅವತ್ತು ಅವರು ಶಾಲು ಹೊದೆಯಲಿಲ್ಲ. ಪೆಟ್ಟಿಗೆಯನ್ನು ತಾವೇ ತಲೆಯ ಮೇಲೆ ಹೊತ್ತು ಮನೆಯವರೆಗೆ ಬಂದು, ಹಳ್ಳಿಯ ಗಾಡಿಗಳು ಶೆಡ್ಡಿಗೆ ಬಂದ ದಿನಗಳನ್ನು ನಮ್ಮ ತೂಕದ ಚೀಟಿಗಳಿಂದ ಬರೆದುಕೊಡು ಎಂದು ನನಗೆ ಹೇಳಿ, ಬಂದ ದಾರಿಯಲ್ಲೇ ಹೋದರು. ಚೀಟಿಗಳು ಗೋಡೆಯ ಮೊಳೆಗೆ ನೇತುಹಾಕಿದ್ದವು. ಯಾರೂ ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಕಡೂರಿನಲ್ಲಿ ಮತ್ತೆ ಹಿಡಿಕೆ ತಿರುಗಿಸಿದೆವು. ಈ ಸಲ ಯಾರ ಗೆಣ್ಣಿಗೂ ಏಟು ಬೀಳಲಿಲ್ಲ. ಒಂದು ತೊಡಕಿತ್ತು. ವಹಾಬನ ಗುಂಪು ಮತ್ತು ಹಳೆಯ ರಾಶಿ ಯಾವಾಗಲೂ ಜೊತೆಜೊತೆಯಾಗಿಯೇ ಬಂದರೆ, ಕೊಳೆಸಿದ್ದು ಯಾವುದೆಂದು ಯಾವ ಲೆಕ್ಕವೂ ಬಿಡಿಸಿ ಹೇಳಲಾರದು. ಎರಡೂ ಬೇರೆಯಾದ ದಿನಗಳು ಬೇಕು. ಅವು ಇದ್ದವು. ರಂಜಾನ್ ಹಬ್ಬಕ್ಕೆ ವಹಾಬನ ಕಡೆಯವರು ಸೋಮವಾರ ಬಾರದೆ, ಮಂಗಳವಾರ ಬೆನಕಪ್ಪನ ಗುಂಪೇ ಹಳೆಯ ರಾಶಿ ತುಂಬಿತ್ತು. ಬೆನಕಪ್ಪನ ತಂಗಿಯ ಮದುವೆಯ ವಾರ ವಹಾಬನ ಗುಂಪು ಅವತ್ತವತ್ತಿನ ಹೊಸ ಈರುಳ್ಳಿ ತುಂಬಿತ್ತು. ಮೊದಲ ಲೆಕ್ಕದಲ್ಲಿ ಈ ವ್ಯಾಗನ್ನುಗಳು ಸಮೀಕರಣಕ್ಕೆ ಹೊಂದದೆ ದೂರ ನಿಂತಿದ್ದವು. ಏನೋ ಏರುಪೇರು ಎಂದು ಮೇಷ್ಟ್ರು ದಾಟಿಹೋಗಿದ್ದರು. ಬೆನಕಪ್ಪನ ವ್ಯಾಗನ್ನು ಎಲ್ಲಕ್ಕಿಂತ ಹೆಚ್ಚು ಕೊಳೆತಿತ್ತು. ವಹಾಬನದು ಕೊಳೆತೇ ಇರಲಿಲ್ಲ.

ರಾತ್ರಿಗಳನ್ನು ಸೇರಿಸಿದ ಮೇಲೆ ವಹಾಬನ ಗುಣಾಂಕದ ಚಿಹ್ನೆಯೇ ಬದಲಾಯಿತು. ಏಳು ಹೋಗಿ ಮೈನಸ್ ಎರಡು. ಇಬ್ಬರಿಗೂ ಅಷ್ಟೇ ಹಳೆಯ ಈರುಳ್ಳಿ ಕೊಟ್ಟರೆ ಅವರ ಚೀಲವೇ ಕಡಿಮೆ ಕೊಳೆಯುತ್ತದೆ ಎಂದು ಅರ್ಥ. ಮೇಷ್ಟ್ರು ಆ ಸಣ್ಣ ಗೆರೆಯನ್ನು ಬರೆದು, ಪೆನ್ಸಿಲ್ ಕೆಳಗಿಟ್ಟು, ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ನಮ್ಮೆದುರಿಗೇ. ಜೋರಾಗಿಯೇ ಹೊಡೆದುಕೊಂಡರು.

ಶೆಡ್ಡಿನಲ್ಲಿ ಮತ್ತೆ ಸಭೆ ಸೇರಿತು. ಮೇಷ್ಟ್ರು ನಿಂತು ಹೇಳಿದರು, "ನಾನು ತಪ್ಪು ಓದಿದೆ. ಸಾಬರ ಕೈಯಿಂದ ಏನೂ ಕೊಳೆತಿಲ್ಲ. ಅವರನ್ನ ವಾಪಸ್ ಕರೆಸಿ. ಗಾಡಿ ಕಟ್ಟಿಸಿಕೊಡಿ."

"ಹಂಗಾದ್ರೆ ಕೊಳೆಸಿದ್ದು ಯಾವ್ದು?" ಎಂದ ನಮ್ಮಪ್ಪ.

"ಎರಡು ರಾತ್ರಿ ರಾಶಿ ಬಿದ್ದಿರೋದು. ಒಂದು ರಾತ್ರಿ ಭಾನುವಾರದ್ದು, ಅದು ರೈಲ್ವೆಯೋರ ರಜ. ಆದ್ರೆ ಸೋಮವಾರ ಸಾಗಿಸೋರು ಅವ್ರೊಬ್ರೇ, ನಾವ್ ಯಾರೂ ಗಾಡಿ ಕಟ್ಟಲ್ಲ. ಅದಕ್ಕೇ ಹಳೇ ರಾಶಿಯೆಲ್ಲ ಅವ್ರ ತಲೆ ಮೇಲೆ ಬಿತ್ತು."

ಶೆಡ್ಡಿನಲ್ಲಿ ಗುಜುಗುಜು ಎದ್ದಿತು. "ಶಿವನ ವಾರದ ಮೇಲೆ ತಪ್ಪು ಹೊರಿಸ್ತೀರಾ ಮೇಷ್ಟ್ರೇ?" ಎಂದಿತು ಒಂದು ದನಿ. ಅಲ್ಲಿಗೆ ನಿಲ್ಲಿಸಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ಆದರೆ ಅವರ ಬಾಯಿಯೂ ಅವರ ಕೈಯಂತೆಯೇ, ಬಿದ್ದ ಮೇಲೆಯೇ ತಿಳಿಯುತ್ತಿದ್ದದ್ದು.

"ವಾರ ಏನೂ ಮಾಡಿಲ್ಲ ಕಣ್ರಯ್ಯಾ. ಮಾಡಿದ್ದು ನಾವು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ ಅಂತೀವಿ. ಸೋಮವಾರವೇ ಮನುಷ್ಯನ ಅಂಗೈಗೆ ಕೊಕ್ಕೆ ಇಟ್ವಿ."

ಇಬ್ಬರು ಅವರ ಕೈ ಹಿಡಿದರು, ಇನ್ನಿಬ್ಬರು ಕಾಲು ಹಿಡಿದರು. ಚೀಲದ ಗೋಡೆಗೆ ಒತ್ತಿ ನಿಲ್ಲಿಸಿದರು. ನಮ್ಮಪ್ಪ ಹೋಗಿ ಬಲಗಿವಿಯ ಮೇಲೆ ಎರಡು ಸಲ ಹೊಡೆದ, ಆಮೇಲೆ ಅದನ್ನು ಹಿಡಿದು ತಿರುವಿದ, ಕೈಗೆ ರಕ್ತ ಬರುವವರೆಗೂ ಬಿಡಲಿಲ್ಲ. ಕ್ಲಾಸಿನಲ್ಲಿ ನಡೆದ ಪಾಠ ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಅವನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಅಪ್ಪನ ತೋಳಿಗೆ ಜೋತುಬಿದ್ದೆ. ಅವನು ಒದರಿದ ರಭಸಕ್ಕೆ ಹೋಗಿ ತಕ್ಕಡಿಯ ಕಂಬಕ್ಕೆ ಬಡಿದೆ. ಮೇಷ್ಟ್ರು ಕಿರುಚಿದರು. ಗೋಡೆಗೆ ನಿಂತಿದ್ದ ಆ ಹುಡುಗನ ಹಾಗೆಯೇ ಕಿರುಚಿದರು.

ಕಿವಿಯ ಕೆಳಭಾಗ ಹರಿದು ಜೋತಾಡುತ್ತಿತ್ತು. ಹೊಲಿಗೆ ಹಾಕಿದರು, ಸೊಟ್ಟಗೆ ಕೂಡಿಕೊಂಡಿತು. ಒಳಗಿನ ತಮಟೆ ಒಡೆದು ಆ ಕಡೆ ಮತ್ತೆ ಕೇಳಿಸಲಿಲ್ಲ. ನಾನು ನಮ್ಮಪ್ಪನ ಜೊತೆ ಮಾತು ಬಿಟ್ಟದ್ದು ಅವತ್ತಿನಿಂದ. ಅವನು ಸಾಯುವವರೆಗೂ ಆಡಲಿಲ್ಲ. ಅದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲ.

ಮುಂದಿನ ಸುಗ್ಗಿಗೆ ವಹಾಬನ ಗುಂಪು ಇರಲಿಲ್ಲ. ಸೋಮವಾರ ಸಾಗಿಸುವವರೇ ಇಲ್ಲದೆ ಶನಿವಾರದ ರಾಶಿ ಮಂಗಳವಾರ ಹೊರಟಿತು. ಮೂರು ರಾತ್ರಿ ಬೆಂದದ್ದು ಮದರಾಸಿನಲ್ಲಿ ನೀರಾಗಿ ಸೋರಿತು. ಈ ಸಲ ಅಪ್ಪನಿಗೆ ಯಾವ ಮೇಷ್ಟ್ರೂ ಬೇಕಾಗಲಿಲ್ಲ. ಈಗ ತುಂಬುತ್ತಿರುವವನು ಯಾರು? ಬೆನಕಪ್ಪ. ಹಾಗಾದರೆ ಅವನೇ. ಅಜ್ಜಂಪುರದಿಂದ ಬಾಡಿಗೆ ಜನ ಬಂದು, ಅದೇ ಅಂಗಳದಲ್ಲಿ, ಗಾಡಿಯ ಗೂಟದಿಂದ ಬೆನಕಪ್ಪನ ಮೊಣಕಾಲು ಒಡೆದರು. ಅವನಿಗಾಗಿ ನಾನು ಅಳಲಿಲ್ಲ. ಆದರೆ ಆ ಸದ್ದು ಕೇಳಿಸದಂತೆ ಕಿವಿ ಮುಚ್ಚಿಕೊಂಡೆ.

ಮೇಷ್ಟ್ರು ಕಾಲೇಜಿಗೆ ಹಿಂತಿರುಗಿದರು. ಸಂತರಾದರು ಎಂದೇನೂ ಹೇಳುವುದಿಲ್ಲ, ನಾಲಿಗೆ ಇನ್ನೂ ಹರಿತವಾಯಿತು. ಕೈ ಮಾತ್ರ ಎತ್ತಲಿಲ್ಲ. ರಿಗ್ರೆಶನ್ ಪಾಠಕ್ಕೆ ಹುಡುಗರನ್ನು ಗೋಡೆಗೆ ನಿಲ್ಲಿಸುವುದು ನಿಂತಿತು. ಬೋರ್ಡಿನ ತುಂಬ ಸಮೀಕರಣ ಬರೆದು, ಕೇಳಿಸುವ ಕಿವಿಯನ್ನು ನಮ್ಮ ಕಡೆ ತಿರುಗಿಸಿ, "ಇಲ್ಲಿ ಬರೆಯದೆ ಇರೋದು ಯಾವುದು?" ಎಂದು ಕೇಳುತ್ತಿದ್ದರು. ಯಾರಾದರೂ ಒಂದನ್ನು ಹೇಳುವವರೆಗೂ ಕ್ಲಾಸು ನಿಂತೇ ಇರಬೇಕಾಗಿತ್ತು, ಅವರೂ ನಿಂತೇ ಇರುತ್ತಿದ್ದರು.

ವಹಾಬ್ ಎಲ್ಲಿದ್ದಾನೆಂದು ಮಾತ್ರ ಅವರು ಹುಡುಕಲಿಲ್ಲ. ವರ್ಷಗಳು ಹೋದವು. ಅದು ನನ್ನ ಮನಸ್ಸಿನಲ್ಲಿ ಮುಳ್ಳಾಗಿಯೇ ಇತ್ತು. ಎಂಬತ್ತರ ದಶಕದಲ್ಲಿ ನನಗೆ ತರೀಕೆರೆಯಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಟೀ ಅಂಗಡಿಯಲ್ಲಿ ಎಡಗೈಯಿಂದ ಲೋಟ ತೊಳೆಯುತ್ತಿದ್ದವನನ್ನು ಕಂಡೆ. ಬಲಗೈ ಮಣಿಕಟ್ಟಿಗೆ ಮುಗಿದಿತ್ತು. ಟೀ ಸೋಸುತ್ತಿದ್ದವಳು ಅವನ ಹೆಂಡತಿ ಹಜೀರಾಬಿ. ಮೇಷ್ಟ್ರಿಗೆ ಕಾಗದ ಬರೆದು, ಬರದಿದ್ದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ ಎಂದೆ. ಬಂದರು.

ಅಂಗಡಿಯ ಬೆಂಚಿನ ತುದಿಯಲ್ಲಿ ಕೂತು ತಾವು ಯಾರೆಂದು ಹೇಳಿದರು. ಸೋಮವಾರದ ವಿಷಯ, ರಾಶಿಯ ವಿಷಯ, ಮೈನಸ್ಸಿನ ವಿಷಯ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಅಷ್ಟು ಮೆತ್ತಗೆ ಅವರು ಪಾಠ ಹೇಳಿದ್ದನ್ನು ನಾನು ಕೇಳಿರಲಿಲ್ಲ. ವಹಾಬ್ ಲೋಟವನ್ನು ಕೈಯಲ್ಲಿ ಹಿಡಿದೇ ಕೇಳಿದ.

"ಅಂದ್ರೆ ನಮ್ ಹುಡುಗ್ರು ಕೊಕ್ಕೆ ಆಳ ಹಾಕ್ಲಿಲ್ಲ."

"ಇಲ್ಲ."

"ನೀರೂ ಹಾಕ್ಲಿಲ್ಲ."

"ಇಲ್ಲ ವಹಾಬ್. ನಿಮ್ ಚೀಲ ಎಲ್ಲರಿಗಿಂತ ಚೆನ್ನಾಗಿತ್ತು."

ಅವನು ಲೋಟ ಕೆಳಗಿಟ್ಟ. "ಓದಿದ ಮೇಷ್ಟ್ರು ಲೆಕ್ಕ ಹಾಕಿ ಹೇಳವ್ರೆ ಅಂದ್ರು. ನಾನೂ ನಂಬಿಬಿಟ್ಟೆ ಸಾ. ನಾನಂತೂ ಮಾಡ್ಲಿಲ್ಲ, ಹಂಗಾದ್ರೆ ನಮ್ಮೋರಲ್ಲೇ ಯಾರೋ ಮಾಡಿರ್ಬೇಕು ಅಂದ್ಕಂಡೆ. ಕೊಕ್ಕೆ ಜೋರಾಗಿ ಹಾಕ್ತಿದ್ದೋನು ನನ್ ತಮ್ಮ. ಕೈ ಕೊಯ್ಸಿಕೊಂಡು ಮನೆಗ್ ಬಂದ ಮೇಲೆ ಅವನಿಗೆ ಹೊಡ್ದೆ. ನಾನಲ್ಲ ಭಾಯಿ, ನಾನಲ್ಲ ಅಂತಾನೇ ಇದ್ದ. ಹಲ್ಲುದುರೋ ಹಂಗೆ ಹೊಡ್ದು ಆಚೆ ಹಾಕ್ದೆ."

ನನ್ನ ಕಣ್ಣ ಮುಂದೆ ಬಂದದ್ದು ಮುಕ್ತಿಯಾರ್. ತಲೆ ಒಡೆದಿದ್ದರೂ ಅಣ್ಣನ ಕೈಯಿಂದ ಕೊಕ್ಕೆ ಕಿತ್ತು ತೆಗೆದವನು.

ವಹಾಬ್ ತನ್ನ ಮೊಂಡು ಕೈಯನ್ನೇ ನೋಡುತ್ತಾ, "ಇದಿದ್ದಿದ್ರೆ ನಿಮಗೆ ಹೊಡೀತಿದ್ದೆ ಸಾ," ಎಂದ. ಸಿಟ್ಟಿಲ್ಲದೆ ಹೇಳಿದ.

ಹಜೀರಾಬಿಗೆ ಎರಡು ಕೈಯೂ ಇದ್ದವು. ಒಲೆಯ ಹಿಂದಿನಿಂದ ಬಂದು ಮೇಷ್ಟ್ರ ಕೆನ್ನೆಗೆ ಬಾರಿಸಿದಳು. ಬೆಂಚು ಅದುರಿತು. ಅವರು ಕೈ ಅಡ್ಡ ತರಲಿಲ್ಲ, ಕೆನ್ನೆ ತಿರುಗಿಸಲಿಲ್ಲ. ಇನ್ನೊಂದು ಏಟಿಗೆ ಕಾದು ಕೂತರು. ಅವಳು ಹೊಡೆಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಳು.

"ಮುಕ್ತಿಯಾರ್ ಎಲ್ಲಿದ್ದಾನೆ?" ಎಂದು ಮೇಷ್ಟ್ರು ಕೇಳಿದರು. "ನಾನೇ ಹೋಗಿ ಹೇಳ್ತೀನಿ."

ವಹಾಬ್ ದನಿ ತಗ್ಗಿಸಿ ಏನೋ ಹೇಳಿದ. ಅವನು ಕೂತಿದ್ದದ್ದು ಅವರ ಬಲಗಡೆ, ಕೇಳಿಸದ ಕಡೆ. ಮೇಷ್ಟ್ರು ನನ್ನ ಮುಖ ನೋಡಿದರು.

"ಗೊತ್ತಿಲ್ಲವಂತೆ ಸಾರ್," ಎಂದೆ. "ಅವತ್ತು ಹೋದವನು ಬಂದೇ ಇಲ್ಲವಂತೆ."